ಮೊದಲ ಭಾನುವಾರದ ಹಾಜರಿ

ಕರೇಕಲ್ ಪಾಳ್ಯ,
ಮಿಡಿಗೇಶಿ ಹೋಬಳಿ, ಮಧುಗಿರಿ ತಾಲ್ಲೂಕು
18 ನವೆಂಬರ್ 2025, ಮಂಗಳವಾರ

ನನ್ನ ಮಗಳು ಯಶಸ್ವಿನಿಗೆ,

ಕರ್ತನ ಕೃಪೆ ನಿನ್ನ ಮೇಲಿರಲಿ ಎಂದು ಬೇಡಿಕೊಂಡು ನಿನ್ನ ಅಮ್ಮ ಬರೆಯುವುದು. ನಾನು ಚೆನ್ನಾಗಿದ್ದೇನೆ. ಚಳಿಗೆ ಮಂಡಿನೋವು ಸ್ವಲ್ಪ ಜಾಸ್ತಿಯಾಗಿದೆ, ಅಷ್ಟೇ. ನಮ್ಮ ಹಸು ಹೆಣ್ಣುಕರು ಹಾಕಿದೆ. ಗಿಣ್ಣು ಮಾಡಿದಾಗ ನೀನಿಲ್ಲವಲ್ಲ ಅನ್ನಿಸಿ ಅರ್ಧ ಪಕ್ಕದ ಮನೆಗೆ ಕೊಟ್ಟುಬಿಟ್ಟೆ.

ದೇವಾಲಯದ ಹಾಜರಿಯ ಲೆಕ್ಕವನ್ನು ನೀನು ಮೂರು ಸಲ ಕೇಳಿದೆ, ನಾನು ಮೂರು ಸಲವೂ ಇವತ್ತು ನಾಳೆ ಅಂದೆ. ನಮ್ಮ ಸಭೆಯ ಹಾಜರಿ ಪುಸ್ತಕ ನನ್ನ ಬೀರುವಿನಲ್ಲೇ ಇದೆ, ಐದು ನಿಮಿಷದಲ್ಲಿ ಫೋನಿನಲ್ಲಿ ಓದಿ ಹೇಳಬಹುದಿತ್ತು. ತಡ ಮಾಡಿದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡ ಮಗಳೇ. ಫೋನಿನಲ್ಲಿ ನಿನ್ನ ದನಿ ಕೇಳಿದರೆ ಅರ್ಧ ಹೇಳಿ ಅರ್ಧ ನುಂಗಿಬಿಡುತ್ತೇನೆ. ಅದಕ್ಕೇ ಕಾಗದ ಹಿಡಿದು ಕೂತಿದ್ದೇನೆ.

ಕೆಟ್ಟ ಸುದ್ದಿಯನ್ನು ಮೊದಲೇ ಹೇಳಿಬಿಡುತ್ತೇನೆ. ನಿನ್ನ ಪರಮೇಶ್ ಮಾವ ಹೋಗಿಬಿಟ್ಟ. ಈ ತಿಂಗಳು ಆರನೇ ತಾರೀಖು, ಗುರುವಾರ ಬೆಳಗ್ಗೆ. ಇಲಿಜ್ವರ ಅಂದರು. ಮಿಡಿಗೇಶಿ ರಸ್ತೆಯ ದೊಡ್ಡ ಚರಂಡಿ ಕಟ್ಟಿಕೊಂಡಿತ್ತು, ಎರಡು ದಿನ ಮೊಣಕಾಲುದ್ದ ನೀರಿನಲ್ಲಿ ನಿಂತು ತೆಗೆದಿದ್ದ. ಆಮೇಲೆ ಜ್ವರ ಹತ್ತಿತು, ಕಣ್ಣು ಹಳದಿಯಾಯಿತು. ತುಮಕೂರಿಗೆ ಸೇರಿಸುವಾಗಲೇ ಮೀರಿಹೋಗಿತ್ತು. ನಿನಗೆ ಪರೀಕ್ಷೆ ನಡೆಯುತ್ತಿತ್ತು, ಹೇಳಲಿಲ್ಲ. ನೀನು ಅತ್ತುಕೊಂಡು ಬರುತ್ತೀಯ ಅಂತ ಗೊತ್ತಿತ್ತು. ಕೊರೊನಾದಲ್ಲಿ ನಿಮ್ಮಪ್ಪನನ್ನು ಮಣ್ಣು ಮಾಡಿದವನು ಅವನು. ನೀನು ಅವನನ್ನು ಮಾವ ಅಂತ ಕರೆಯಲು ಶುರು ಮಾಡಿದ್ದೂ ಆ ದಿನದಿಂದಲೇ ಅಲ್ಲವೇ.

ಈಗ ನಿನ್ನ ಬರಹದ ವಿಷಯಕ್ಕೆ ಬರುತ್ತೇನೆ. ಜನ ದೇವಾಲಯಕ್ಕೆ ಬರುವುದಕ್ಕೂ ಊರು ಕ್ರಿಸ್ತನ ದಾರಿಗೆ ತಿರುಗುವುದಕ್ಕೂ ಸಂಬಂಧ ಇದೆಯೇ ಎಂದು ನಿಮ್ಮ ಕಾಲೇಜಿನಲ್ಲಿ ಬರೆಯಲು ಕೊಟ್ಟಿದ್ದಾರೆ, ನಮ್ಮ ಸಭೆಯನ್ನೇ ಉದಾಹರಣೆ ಮಾಡಿದ್ದೇನೆ ಎಂದೆ. ಕೊನೆಯ ಪುಟ ಫೋನಿನಲ್ಲಿ ಓದಿದೆಯಲ್ಲ: ಚರಂಡಿ ತೆಗೆಯುವ ಪರಮೇಶನೂ ಹೆಡ್‌ಮಾಸ್ಟರ್ ಆಗಿ ನಿವೃತ್ತರಾದ ಜೀವರತ್ನ ಮೇಷ್ಟ್ರೂ ಪ್ರಭು ಭೋಜನದಲ್ಲಿ ಒಂದೇ ಬಟ್ಟಲಿನಿಂದ ಕುಡಿದರು, ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ, ಅಂತ. ಎರಡು ಸಲ ಓದಿದೆ. ನಾನು ಈ ಕಡೆ ಹಸು ಕೂಗುತ್ತಿದೆ ಅಂತ ಫೋನ್ ಇಟ್ಟುಬಿಟ್ಟೆ. ಅಮ್ಮ ಸಂತೋಷಕ್ಕೆ ಅಳುತ್ತಿದ್ದಾಳೆ ಅಂದುಕೊಂಡೆ ನೀನು.

ಆ ಪುಟವನ್ನು ನೀನು ಕೊಡಬಾರದು. ಕೊಡುವ ಮೊದಲು ಇದನ್ನು ಪೂರ್ತಿ ಓದು.

ನೀನು ಕಂಡಿದ್ದು ನಿಜ. ಅದು 2022ರ ಕ್ರಿಸ್‌ಮಸ್. ಪರಮೇಶ, ಅವನ ಹೆಂಡತಿ ನರಸಮ್ಮ, ಅವನ ತಾಯಿ, ತಮ್ಮ, ನಾಲ್ಕು ಜನ ಆವತ್ತು ದೀಕ್ಷಾಸ್ನಾನ ತೆಗೆದುಕೊಂಡು ಮೊದಲ ಸಲ ಪ್ರಭು ಭೋಜನಕ್ಕೆ ಮೊಣಕಾಲೂರಿದರು. ಪಾವಗಡದ ಆಚೆಯಿಂದ ಬಂದ ಜನ, ನಮ್ಮ ಹಾಡು ಅವರ ಬಾಯಲ್ಲಿ ಅರ್ಧ ತೆಲುಗಾಗಿ ಹೊರಡುತ್ತಿತ್ತು. ಪರಮೇಶನಂತೂ ರಾಗ ಒಂದು ಕಡೆ, ತಾನೊಂದು ಕಡೆ. ಪಾದ್ರಿ ಅಯ್ಯನವರ ಪ್ರಸಂಗ ಶುರುವಾದರೆ ನಿದ್ದೆ. ಕೇಳಿದರೆ, "ಅಯ್ಯನವರ ದನಿ ಜೋಗುಳ ಇದ್ದಂಗದೆ ಅಕ್ಕ, ನಾನೇನ್ಮಾಡ್ಲಿ," ಅಂತ ನಗುತ್ತಿದ್ದ. ಎಲೆ ಅಡಿಕೆ ಬಿಡು ಅಂದರೆ ಯೇಸುಸ್ವಾಮಿ ಎಲ್ಲಿ ಬೇಡ ಅಂದವ್ರೆ ತೋರ್ಸಿ ಅನ್ನುತ್ತಿದ್ದ.

ಆ ಹಬ್ಬ ಮುಗಿಸಿ ನೀನು ಹಾಸ್ಟೆಲಿಗೆ ಹೋದ ಮೇಲೆ ಏನಾಯಿತು ಎಂಬುದನ್ನು ನಾನು ನಿನಗೆ ಹೇಳಲೇ ಇಲ್ಲ.

ನಿನಗೆ ಗೊತ್ತು, ನಮ್ಮಲ್ಲಿ ಪ್ರಭು ಭೋಜನ ಪ್ರತಿ ತಿಂಗಳ ಮೊದಲ ಭಾನುವಾರ. ಅಯ್ಯನವರು ದ್ರಾಕ್ಷಾರಸದ ಒಂದೇ ಬಟ್ಟಲನ್ನು ಸಾಲಿನ ಉದ್ದಕ್ಕೂ ಕೊಡುತ್ತಾ ಬರುತ್ತಾರೆ. ಮುಂದಿನ ವರ್ಷ ಜನವರಿಯಿಂದಲೇ ಮುಂದಿನ ಬೆಂಚಿಗೆ ನೂಕಾಟ ಶುರುವಾಯಿತು. ದೇವಾಲಯದ ಎರಡನೇ ಗಂಟೆ ಬಾರಿಸಿದರೂ ಬಾರದವರು ಮೊದಲ ಗಂಟೆ ಬಾರಿಸುವಾಗಲೇ ಬಂದು ಕೂರತೊಡಗಿದರು. ಎಷ್ಟು ಭಕ್ತಿ ಅಂತ ಅಯ್ಯನವರು ಹಿಗ್ಗಿದರು. ಹುಡುಗ ಮನುಷ್ಯ, ಹೊಸದಾಗಿ ಬಂದಿದ್ದರು. ಪರಮೇಶನ ಮನೆಯವರ ತುಟಿ ತಾಗುವ ಮುಂಚೆ ತಾವು ಕುಡಿದುಬಿಡಬೇಕು ಎಂಬುದೇ ಜನರ ಆತುರ ಎಂದು ಅಯ್ಯನವರಿಗೆ ತಿಳಿಯಲಿಲ್ಲ. ಎಲ್ಲರೂ ಮೊದಲಾಗಲು ಆಗುತ್ತದೆಯೇ? ಹಿಂದುಳಿದವರು ಆ ಭಾನುವಾರ ಬರುವುದನ್ನೇ ಬಿಟ್ಟರು. ಒಬ್ಬರಿಗೆ ನೆಂಟರ ಮನೆ, ಒಬ್ಬರಿಗೆ ಜ್ವರ, ಒಬ್ಬರಿಗೆ ಕೊರಟಗೆರೆಯಲ್ಲಿ ನಾಮಕರಣ.

ಅದನ್ನು ಕಂಡವಳು ನಾನು, ಏಕೆಂದರೆ ಹದಿನಾಲ್ಕು ವರ್ಷದಿಂದ ಆ ಪುಸ್ತಕ ಬರೆಯುವವಳು ನಾನು. 2023ರ ಅಕ್ಟೋಬರ್ ತೆಗೆದು ನೋಡು. ಎರಡನೇ ಭಾನುವಾರ ನೂರ ನಾಲ್ಕು ಜನ, ಮೂರನೆಯದು ನೂರ ಒಂದು, ನಾಲ್ಕನೆಯದು ತೊಂಬತ್ತೊಂಬತ್ತು. ಮೊದಲ ಭಾನುವಾರ ಮೂವತ್ತೆಂಟು. ನವೆಂಬರಿನಲ್ಲಿ ಮೂವತ್ತೊಂದು. ಹಾಡಲು ಎಲ್ಲರೂ ಬರುತ್ತಿದ್ದರು, ಕೇಳಲು ಬರುತ್ತಿದ್ದರು, ಬಟ್ಟಲಿಗೆ ಮಾತ್ರ ಬರುತ್ತಿರಲಿಲ್ಲ.

2024ರ ಫೆಬ್ರವರಿಯಲ್ಲಿ ಕಮಿಟಿ ಸೇರಿತು. ಯಾರ ಬಾಯಲ್ಲೂ ಪರಮೇಶನ ಹೆಸರು ಬರಲಿಲ್ಲ. ಎಲ್ಲರ ಬಾಯಲ್ಲೂ ಕೊರೊನಾ ಬಂತು. ಅದು ಹೋಗಿ ಎರಡು ವರ್ಷವಾಗಿತ್ತು. ಮೇಷ್ಟ್ರು, "ಜನ ಕಡ್ಮೆ ಆಗ್ತಾವ್ರೆ, ಮೇಲಿನ ವಲಯದೋರು ಕೇಳುದ್ರೆ ಏನ್ ಹೇಳೋದು?" ಅಂದರು. ಆಗ ಯಾರೋ ಒಬ್ಬರು, ಬೆಂಗಳೂರಿನ ದೊಡ್ಡ ಸಭೆಗಳಲ್ಲಿ ತಲೆಗೊಂದು ಪುಟ್ಟ ಬಟ್ಟಲು ಕೊಡುತ್ತಾರಂತೆ, ನಾವೂ ತರಿಸೋಣ ಎಂದರು. ಎಲ್ಲರಿಗೂ ಉಸಿರು ಬಂದ ಹಾಗಾಯಿತು. ಯಾರನ್ನೂ ಬೇಡ ಅನ್ನಬೇಕಾಗಿಲ್ಲ, ಯಾರೂ ಕೆಟ್ಟವರಾಗಬೇಕಾಗಿಲ್ಲ. ಅಯ್ಯನವರು, "ಸ್ವಾಮಿ ಒಂದೇ ಬಟ್ಟಲು ಕೊಟ್ಟರಲ್ಲ," ಅಂದರು. ಮೇಷ್ಟ್ರು, "ಆಗ ವೈರಸ್ ಇರ್ಲಿಲ್ಲ ಬುಡಿ ಅಯ್ಯನೋರೆ," ಅಂದರು. ನಗು ಬಂತು, ತೀರ್ಮಾನವಾಯಿತು.

ಸ್ಟೀಲಿನ ಪುಟ್ಟ ಬಟ್ಟಲುಗಳು ಬಂದವು. ಮಾರ್ಚ್ ಮೂರರಂದು ಮೊದಲ ಸಲ ತಟ್ಟೆಯಲ್ಲಿ ಇಟ್ಟು ಕೊಟ್ಟರು. ಪರಮೇಶನ ಮನೆಯವರು ಕೂತಿದ್ದ ಹಿಂದಿನ ಬೆಂಚಿಗೆ ಹೋದ ತಟ್ಟೆಯಲ್ಲಿ ಮಾತ್ರ ನಾಲ್ಕು ಪ್ಲಾಸ್ಟಿಕ್ ಬಟ್ಟಲು ಇದ್ದವು, ಕುಡಿದು ಬಿಸಾಡುವಂಥವು. ಸ್ಟೀಲಿನವು ಸಾಲಲಿಲ್ಲ ಎಂದು ಮಾತಾಯಿತು. ಪರಮೇಶ ಏನೂ ಅನುಮಾನ ಪಡಲಿಲ್ಲ. ಆಚೆ ಬಂದಮೇಲೆ ನನ್ನ ಹತ್ತಿರ, "ನೋಡ್ದಾ ಅಕ್ಕ, ಎಲ್ರಿಗೂ ತೊಳ್ದಿದ್ದು, ನಮ್ಗೆ ಹೊಚ್ಚ ಹೊಸ್ದು. ನಾವೇ ದೊಡ್ಡೋರಾಗ್ಬುಟ್ವಿ," ಅಂತ ನಕ್ಕ.

ಆದರೆ ಊರಿನ ಕಸ ಎತ್ತುವವನೂ ಅವನೇ ಅಲ್ಲವೇ. ಸೋಮವಾರ ಬೆಳಗ್ಗೆ ತಳ್ಳುಗಾಡಿ ತಂದು ದೇವಾಲಯದ ಕಾಂಪೌಂಡಿನ ಕಸ ತುಂಬುವಾಗ ಆ ನಾಲ್ಕು ಬಟ್ಟಲು ಸಿಕ್ಕವು. ನೂರಕ್ಕೂ ಹೆಚ್ಚು ಜನ ಕುಡಿದಿದ್ದರು. ಕಸದಲ್ಲಿದ್ದದ್ದು ನಾಲ್ಕೇ.

ಹನ್ನೊಂದು ಗಂಟೆ ಹೊತ್ತಿಗೆ ನಮ್ಮ ಮನೆಗೆ ಬಂದ. ನಾನು ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದೆ. ಬಟ್ಟಲುಗಳನ್ನು ತೊಳೆದು, ಒರೆಸಿ, ಒಂದರೊಳಗೊಂದು ಕೂರಿಸಿ ತಂದಿದ್ದ. ಜಗಲಿಯ ಅಂಚಿನಲ್ಲಿ ಇಟ್ಟ.

"ಅಕ್ಕ, ಇವು ನಾಲ್ಕೂ ನಮ್ವೇ ಅಲ್ವಾ?"

ನಾನು ಏನೋ ಹೇಳಲು ಹೋದೆ, ಸ್ಟೀಲಿನವು ಕಮ್ಮಿ ಬಿದ್ದವು ಕಣಪ್ಪ ಅಂತ.

"ಇರ್ಲಿ ಬುಡಕ್ಕ. ಬಿಸಾಕೋದ್ಯಾಕೆ, ಚೆನ್ನಾಗವೆ. ಬರೋ ತಿಂಗ್ಳು ನಮ್ಗೆ ಬರೋಕಾಗಾಕಿಲ್ಲ. ಬೇರೆ ಯಾರಿಗಾದ್ರೂ ಆಯ್ತವೆ."

ನೀರು ಕೊಡಲೇ ಅಂತ ಕೇಳಿದೆ. "ಬ್ಯಾಡ, ಕೆಲ್ಸ ಅದೆ," ಅಂತ ಗಾಡಿ ತಳ್ಳಿಕೊಂಡು ಹೋದ. ಕೋಪದ ಮಾತು ಒಂದೂ ಆಡಲಿಲ್ಲ. ಆಡಿದ್ದರೆ ನನಗೆ ಸುಲಭವಾಗುತ್ತಿತ್ತು. ಅದಾದ ಮೇಲೆ ಆ ಮನೆಯವರು ಯಾರೂ ದೇವಾಲಯಕ್ಕೆ ಬರಲಿಲ್ಲ. ನೀನು ರಜಕ್ಕೆ ಬಂದಾಗ ಪರಮೇಶ್ ಮಾವ ಯಾಕೆ ಕಾಣಿಸಲಿಲ್ಲ ಎಂದು ಕೇಳಿದೆ, ಡ್ಯೂಟಿ ಹಾಕಿದ್ದಾರೆ ಎಂದೆ. ಅದು ಸುಳ್ಳು.

ಈಗ ನಿನಗೆ ಬೇಕಾದ ಸಂಖ್ಯೆ ಬರೆಯುತ್ತೇನೆ. 2024ರ ಏಪ್ರಿಲ್ ಮೊದಲ ಭಾನುವಾರ ನೂರ ಹದಿನೆಂಟು. ಜೂನ್, ನೂರ ಇಪ್ಪತ್ತಾರು. ಈ ವರ್ಷ ಈಸ್ಟರಿಗೆ ನೂರ ನಲವತ್ತೆರಡು, ಬೆಂಚು ಸಾಲದೆ ಅಂಗನವಾಡಿಯಿಂದ ಚಾಪೆ ತಂದೆವು. ವಲಯದ ಅಧ್ಯಕ್ಷರು ಬಂದು, ನಾಲ್ಕು ತಾಲ್ಲೂಕಿಗೆ ಇದೇ ತುಂಬಿದ ಸಭೆ, ಕ್ರಿಸ್ತನ ಪ್ರಭಾವ ಅಂದರೆ ಇದು ಎಂದು ಹೇಳಿ ಮೇಷ್ಟ್ರಿಗೆ ಶಾಲು ಹೊದಿಸಿದರು. ಪುಸ್ತಕವನ್ನು ಅಚ್ಚುಕಟ್ಟಾಗಿ ಇಟ್ಟಿದ್ದಕ್ಕೆ ನನಗೂ ಒಂದು ಹೊದಿಸಿದರು. ಹಸಿರು ಅಂಚಿನದು. ನೀನು ಫೋಟೋ ನೋಡಿ ಹೃದಯದ ಗುರುತು ಕಳಿಸಿದೆ.

ಜನ ಬರುವುದೆಲ್ಲ ಸುಳ್ಳು ಅಂತ ನೀನು ಬರೆಯಬೇಡ, ಅದೂ ತಪ್ಪಾಗುತ್ತದೆ. ನಮ್ಮ ಹೆಣ್ಣುಮಕ್ಕಳಲ್ಲಿ ಎಷ್ಟೋ ಜನಕ್ಕೆ ವಾರಕ್ಕೆ ಆ ಒಂದೂವರೆ ಗಂಟೆ ಮಾತ್ರ ಯಾರೂ ಕೆಲಸ ಹೇಳುವುದಿಲ್ಲ. ಕಿವಿ ಕೇಳದ ಮುದುಕಿಯೊಬ್ಬಳು ಬಂದು ಸುಮ್ಮನೆ ಶಿಲುಬೆ ನೋಡಿಕೊಂಡು ಕೂರುತ್ತಾಳೆ. ಅವಳ ಭಕ್ತಿಯನ್ನು ಅಳೆಯಲು ನಾನ್ಯಾರು? ನನಗೂ ಅಲ್ಲಿ ಮೊಣಕಾಲೂರಿದರೇ ಸಮಾಧಾನ. ನಿಮ್ಮಪ್ಪ ಹೋದ ವರ್ಷ ಆ ಬೆಂಚು ಇಲ್ಲದಿದ್ದರೆ ನಾನು ಎದ್ದು ನಿಲ್ಲುತ್ತಿರಲಿಲ್ಲ. ನಾನು ಹೇಳುವುದು ಇಷ್ಟೇ, ಜನ ಬಂದರೋ ಇಲ್ಲವೋ ಎಂಬುದು ನನ್ನ ಪುಸ್ತಕದಲ್ಲಿದೆ. ಯಾಕೆ ಬಂದರು, ಯಾರು ಹೋದಮೇಲೆ ಬಂದರು ಎಂಬುದು ಅದರಲ್ಲಿ ಇಲ್ಲ.

ಪರಮೇಶ ತೀರಿಕೊಂಡ ದಿನ ದೇವಾಲಯದಲ್ಲಿ ಕಮಿಟಿ ಸೇರಿದಾಗ, ನಮ್ಮ ಸಮಾಧಿ ಜಾಗದಲ್ಲೇ ಮಣ್ಣು ಮಾಡೋಣ ಎಂದು ಅಯ್ಯನವರು ತಾವಾಗಿಯೇ ಹೇಳಿದರು. ಈ ಸಲ ಗಟ್ಟಿಯಾಗಿಯೇ ಹೇಳಿದರು. ಮೇಷ್ಟ್ರು ನಿಯಮ ತೆಗೆದರು. ಕಾರಣ ಹೇಳದೆ ಒಂದು ವರ್ಷ ಆರಾಧನೆಗೆ ಬಾರದವರ ಹೆಸರು ಸಭೆಯಲ್ಲಿ ಇರುವುದಿಲ್ಲ, ಹೆಸರಿಲ್ಲದವರಿಗೆ ಜಾಗವಿಲ್ಲ. "ನಂಗೇನು ಅವನ ಮೇಲೆ ಹಗೆಯಾ? ಪುಷ್ಪಾವತಮ್ಮ, ನೀವೇ ಪುಸ್ತ್ಕ ನೋಡಿ ಹೇಳಿ. ಬಂದಿದ್ನಾ, ಇಲ್ವಾ?"

ನಾನು ಪುಸ್ತಕ ತೆರೆದೆ. ಒಂದು ವರ್ಷ ಎಂಟು ತಿಂಗಳು. ಅವನ ಹೆಸರಿನ ಮುಂದೆ ಒಂದೇ ಒಂದು ಗುರುತಿರಲಿಲ್ಲ.

"ಇಲ್ಲ," ಎಂದೆ.

ಕಾರಣ ಗೊತ್ತಿದ್ದವಳು ನಾನೊಬ್ಬಳೇ ಅಲ್ಲ, ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಆದರೆ ಕೇಳಿದ್ದು ನನ್ನನ್ನು, ಉತ್ತರ ಕೊಟ್ಟವಳು ನಾನು.

ಅಷ್ಟರಲ್ಲಿ ನರಸಮ್ಮ ಬಾಗಿಲಲ್ಲಿ ನಿಂತಿದ್ದಳು. ಯಾರು ಕರೆದರೋ ಕಾಣೆ. ಕಣ್ಣೀರಿರಲಿಲ್ಲ. "ಮೀ ಜಾಗ ಮಾಕೊದ್ದು ಸಾಮಿ," ಅಂದಳು. ನಿಮ್ಮ ಜಾಗ ನಮಗೆ ಬೇಡ ಅಂತ. ಆಮೇಲೆ ಎಲ್ಲರಿಗೂ ತಿಳಿಯಲಿ ಎಂದೇನೋ ಕನ್ನಡದಲ್ಲೇ ಹೇಳಿದಳು: "ಬದುಕಿದ್ದಾಗ ಬಟ್ಲು ಬ್ಯಾರೆ ಮಾಡುದ್ರಿ. ಸತ್ತ ಮ್ಯಾಲೆ ಮಣ್ಣು ಯಾಕೆ ಒಂದೇ ಆಗ್ಬೇಕು?" ಹೇಳಿ ತಿರುಗಿ ಹೋದಳು. ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು.

ಕೆರೆ ಹಿಂದಿನ ಪಂಚಾಯ್ತಿ ಸ್ಮಶಾನದಲ್ಲಿ ಶುಕ್ರವಾರ ಮಧ್ಯಾಹ್ನ ಮಣ್ಣು ಮಾಡಿದರು. ಕೊರೊನಾದಲ್ಲಿ ಸತ್ತವರನ್ನೆಲ್ಲ ಅವನು ಹೂತ ಜಾಗ. ಅಯ್ಯನವರು ಬಂದು ಪ್ರಾರ್ಥನೆ ಮಾಡಿದರು, ನಮ್ಮ ಸಭೆಯಿಂದ ನಾವು ಆರು ಜನ. ಆದರೆ ಊರು ಬಂದಿತ್ತು ಯಶಸ್ವಿನಿ. ಮಿಡಿಗೇಶಿಯಿಂದ ಬಂದಿದ್ದರು, ಶಿರಾದಿಂದ ಟೋಪಿ ಹಾಕಿಕೊಂಡ ಇಬ್ಬರು ಸಾಬರು ಬೈಕಿನಲ್ಲಿ ಬಂದಿದ್ದರು. ತಮ್ಮ ತಂದೆಯನ್ನು ಹೂತವನು ಇವನೇ ಎಂದರು. ಮೇಲಿನ ಕೇರಿಯ ಬೈರಪ್ಪನವರು ಗುಂಡಿಗೆ ಇಳಿದು ತಾವೇ ಹಿಡಿದು ಮಲಗಿಸಿದರು. ಹಿಂದೆ ಅವರ ಮನೆ ಬಾವಿಯ ಹತ್ತಿರ ನಮ್ಮವರು ಹೋಗುವ ಹಾಗಿರಲಿಲ್ಲ, ನಿನಗೆ ನೆನಪಿಲ್ಲ. ಇವರು ಯಾರೂ ನಮ್ಮ ದೇವಾಲಯದ ಹೊಸಿಲು ದಾಟಿದವರಲ್ಲ.

ಅಂಗಡಿ ಬೀದಿಯ ಕರಿಬಸಮ್ಮನೂ ಬಂದಿದ್ದಳು, ಕೊರಳಲ್ಲಿ ಲಿಂಗ, ಹಣೆ ತುಂಬ ವಿಭೂತಿ. ಆಮೇಲೆ ನರಸಮ್ಮನನ್ನು ಕೈಹಿಡಿದು ತನ್ನ ಮನೆಗೆ ಕರೆದುಕೊಂಡು ಹೋಗಿ, ನಡುಮನೆಯಲ್ಲಿ ಕೂರಿಸಿ ತಟ್ಟೆಗೆ ಬಡಿಸಿದಳು. ನಾನು ಬಾಗಿಲಲ್ಲಿ ನಿಂತಿದ್ದೆ. ನನ್ನ ಕಡೆ ನೋಡಿ ಹೇಳಿದಳು: "ನಮ್ಮನೇರು ಹೋದಾಗ ಸ್ವಂತ ಅಣ್ತಮ್ದೀರು ಬರ್ಲಿಲ್ಲ ಕಣಮ್ಮ. ಇವ್ನು ಹೂತು ಸುಮ್ನೆ ಹೋಗ್ಬೌದಿತ್ತು. ಮೂರು ದಿನ ಬಂದು ಬಾಗ್ಲಾಗೆ ನಿಂತು ಉಂಡ್ಯೇನವ್ವಾ ಅಂತ ಕೇಳ್ದ. ಆಗ ಒಳೀಕೆ ಬಾ ಅನ್ಲಿಲ್ಲ ನಾನು. ಈಗ ಇವಳನ್ನಾದ್ರೂ ಕೂರಿಸ್ಬೇಡ್ವಾ?"

ಮಗಳೇ, ಕೊರೊನಾದಲ್ಲಿ ಪರಮೇಶ ಇನ್ನೂ ಕ್ರೈಸ್ತನಾಗಿರಲಿಲ್ಲ. ನಮ್ಮ ಸಭೆಗೆ ಬರುವ ಮುಂಚೆಯೇ ಅವನು ಹಾಗಿದ್ದ. ಬಂದಮೇಲೆ ನಾವು ಅವನಿಗೆ ಕಲಿಸಿದ್ದು ಕೊನೆಯಲ್ಲಿ ನಿಲ್ಲುವುದನ್ನು. ನಿಮ್ಮ ಗುರುಗಳು ಒಪ್ಪುತ್ತಾರೋ ಇಲ್ಲವೋ, ನೀನು ಬರೆಯುವುದಾದರೆ ಇದನ್ನು ಬರೆ.

ಮಣ್ಣು ಮಾಡಿದ ಮೂರನೇ ದಿನ ನಾನು ನರಸಮ್ಮನ ಮನೆಗೆ ಹೋದೆ. ಏನೇನೋ ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡು ಹೋಗಿದ್ದೆ. ಅವಳೇ ಕಾಫಿ ಮಾಡಿ ಕೊಟ್ಟಳು. ನಾನು ಕುಡಿಯುವವರೆಗೂ ಲೋಟವನ್ನೇ ನೋಡುತ್ತಿದ್ದಳು. ಕುಡಿದೆ. ಆಗ ನನ್ನ ಕೈ ಹಿಡಿದುಕೊಂಡು, "ನಿಮ್ಮ ಮ್ಯಾಲೆ ನಂಗೆ ಬ್ಯಾಸರಿಲ್ಲ ಅಕ್ಕ. ನಮ್ಮನ್ನ ಕೈಹಿಡ್ದು ಒಳೀಕೆ ಕರ್ಕೊಂಡ್ ಹೋದೋರು ನೀವು. ಆ ಬಟ್ಲು ತಂದೋರ್ನ ದೇವ್ರು ನೋಡ್ಕೊಳ್ಳಿ," ಅಂದಳು. ನಾನು ಲೋಟ ಕೆಳಗಿಟ್ಟೆ. ತಲೆಯಾಡಿಸಿ ಬಂದುಬಿಟ್ಟೆ.

ನೀನು ಹೊತ್ತಿಗೆ ಸರಿಯಾಗಿ ಊಟ ಮಾಡು. ಹಾಸ್ಟೆಲಿನಲ್ಲಿ ನೀರು ಕಾಯಿಸಿ ಕುಡಿ. ಕರ್ತನು ನಿನ್ನನ್ನು ಕಾಯಲಿ, ನಿನ್ನ ಓದಿಗೆ ಬೆಳಕು ಕೊಡಲಿ, ಯಾರ ಎದುರಿಗೂ ಸುಳ್ಳು ಹೇಳಬೇಕಾದ ಸ್ಥಿತಿ ನಿನಗೆ ಬಾರದಿರಲಿ. ನಿನ್ನ ತಲೆಯ ಮೇಲೆ ಕೈಯಿಟ್ಟು ಹರಸುತ್ತೇನೆ.

ನಿನ್ನ ಅಮ್ಮ,
ಪುಷ್ಪಾವತಿ

ಮರೆತ ಮಾತು: ಮರೆತದ್ದೇನೂ ಅಲ್ಲ. ಮೇಲೆ ಬರೆಯಲು ಕೈ ಬರಲಿಲ್ಲ, ಅಷ್ಟೇ. ಕಮಿಟಿಯಲ್ಲಿ ಪುಟ್ಟ ಬಟ್ಟಲು ತರಿಸೋಣ ಎಂದವರು "ಯಾರೋ" ಅಲ್ಲ, ನಾನು. ಸ್ಟೀಲಿನವು ಕಮ್ಮಿ ಬೀಳಲೂ ಇಲ್ಲ, ಇನ್ನೂ ಹನ್ನೆರಡು ನನ್ನ ಬೀರುವಿನಲ್ಲಿ ಕಾಗದ ಬಿಚ್ಚದೆ ಕೂತಿವೆ. ಆ ನಾಲ್ಕು ಪ್ಲಾಸ್ಟಿಕ್ ಬಟ್ಟಲನ್ನು ಮಧುಗಿರಿಯಲ್ಲಿ ಕೊಂಡು ತಂದು ಹಿಂದಿನ ತಟ್ಟೆಯಲ್ಲಿ ಇಟ್ಟವಳು ನಾನು, ಏಕೆಂದರೆ ಆರಾಧನೆ ಮುಗಿದ ಮೇಲೆ ಬಟ್ಟಲು ತೊಳೆಯುವವಳು ನಾನೇ. ನನಗೆ ಯಾವ ಕಾಯಿಲೆಯ ಭಯವೂ ಇರಲಿಲ್ಲ. ಮುಟ್ಟಲು ಹೇಸಿಗೆಯಾಯಿತು. ನಿಮ್ಮಪ್ಪನನ್ನು ಅವರ ಸ್ವಂತ ತಮ್ಮ ಮುಟ್ಟದೆ ದೂರ ನಿಂತಾಗ ಎತ್ತಿಕೊಂಡ ಕೈ ಅದು, ಗೊತ್ತಿದ್ದೂ ಹೇಸಿಗೆಯಾಯಿತು. ಅವನು ಬಟ್ಟಲನ್ನು ಅಯ್ಯನವರ ಮನೆಗೂ ಒಯ್ಯಲಿಲ್ಲ, ಮೇಷ್ಟ್ರ ಮನೆಗೂ ಒಯ್ಯಲಿಲ್ಲ, ನೇರ ನಮ್ಮ ಜಗಲಿಗೇ ತಂದ. ಅವನಿಗೆ ಗೊತ್ತಿತ್ತು ಯಶಸ್ವಿನಿ. ಗೊತ್ತಿದ್ದೂ ಅಕ್ಕ ಅಂತಲೇ ಕರೆದ, ಮನೆಯಲ್ಲಿ ಹೆಂಡತಿಗೂ ಹೇಳಲಿಲ್ಲ. ನೀನು ಕ್ರಿಸ್‌ಮಸ್‌ಗೆ ಬಂದರೆ ಮೊದಲು ನರಸಮ್ಮನ ಮನೆಗೇ ಓಡುತ್ತೀಯ. ಅಷ್ಟರಲ್ಲಿ ನಾನು ಹೋಗಿ ಹೇಳಿರಬೇಕು. ಹೇಳಿಲ್ಲದಿದ್ದರೆ ನನ್ನ ಮುಖ ನೋಡಬೇಡ, ನೀನೇ ಹೇಳಿಬಿಡು.